ಹುಳ ಹಣ್ಣಾದ ದಿನ

ಮುಲಾಮಿನ ಡಬ್ಬಿ ತೆರೆದೆ. ಕರ್ಪೂರ, ಪುದೀನ, ಕಣ್ಣಲ್ಲಿ ನೀರು ತರಿಸುವ ಇನ್ನೇನೋ ಘಾಟು. ಊದತೊಡಗಿರುವ ನನ್ನ ಬೆರಳುಗಳಿಗೆಂದು ಹೋದ ವಾರ ಕೋಲಾರದಲ್ಲಿ ಕೊಂಡದ್ದು. ವಾಸನೆಯ ಹಿಂದೆಯೇ ದೊಡ್ಡಮ್ಮ ಬಂದರು. ಕೋಪದ ಮುಖ ಹೊತ್ತು ಬಂದರು... ಅಥವಾ ಆ ಕೋಪವನ್ನು ನಾನೇ ಆಮೇಲೆ ಅಂಟಿಸಿದೆನೋ.

ದೊಡ್ಡಮ್ಮ ಸಂಬಂಧಿಯಲ್ಲ. ತಾಯಲೂರಿನ ಹತ್ತಿರದ ಹಳ್ಳಿಯ ಶಾಲೆಯಲ್ಲಿ ನಾನು ಟೀಚರಾಗಿದ್ದಾಗ ಪಕ್ಕದ ಮನೆಯವರು. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ಅದರ ಅಂಚಿಗೆ ರೇಷ್ಮೆಹುಳ ಸಾಕುವ ಮನೆ. ಸಂಧಿವಾತದಿಂದ ಅವರ ಬೆರಳುಗಳು ಗಂಟುಗಟ್ಟಿದ್ದವು. ಕೂತುಬಿಟ್ಟರೆ ಕೀಲು ಇನ್ನೂ ಬಿಗಿಯುತ್ತದೆ, ಮಾತ್ರೆಯನ್ನೂ ಬಿಡಬೇಡಿ, ಓಡಾಡುವುದನ್ನೂ ಬಿಡಬೇಡಿ ಎಂದಿದ್ದರು ಡಾಕ್ಟರು. ದೊಡ್ಡಮ್ಮ ಬೆಳಗ್ಗೆ ಬಿಸಿನೀರಿನಲ್ಲಿ ಕೈ ಅದ್ದಿ ಮುಷ್ಟಿ ಕಟ್ಟಿ ಬಿಡಿಸುವರು, ಕಟ್ಟಿ ಬಿಡಿಸುವರು. ಆಮೇಲೆ ತೋಟಕ್ಕೆ ಒಂದು ಸುತ್ತು. ಆಮೇಲೆ ಸೊಪ್ಪು ಕೊಯ್ಯುವುದು.

ಅವರ ಮಗನಿಗೆ ಇದನ್ನು ನೋಡಿ ಸಾಕಾಗಿತ್ತು.

"ನಿನ್ ಬೆರಳು ನೋಡ್ಕೋಮ್ಮಾ, ಶುಂಠಿ ಕೊಂಬು ಇದ್ದಂಗವೆ."

"ಶುಂಠಿಗೆ ಖಾರ ಇರ್ತದೆ ಕಣೋ."

ಕೊನೆಗೆ ಇಬ್ಬರ ನಡುವೆ ಒಂದು ಮಾತಾಯಿತು. ಈ ಸಲ ಹಣ್ಣಾದ ಹುಳಗಳನ್ನು ದೊಡ್ಡಮ್ಮನ ಕೈಯಲ್ಲಿ ಆರಿಸಲಾಗದಿದ್ದರೆ ಹುಳದ ಮನೆಗೆ ಬೀಗ. ಹಣ್ಣಾದ ಹುಳ ಎಂದರೆ ಮೇಯುವುದು ಬಿಟ್ಟು, ಮೈ ಹಳದಿಯಾಗಿ, ಗೂಡು ಕಟ್ಟಲು ತಲೆಯೆತ್ತಿ ಜಾಗ ಹುಡುಕುವ ಹುಳ. ಅದನ್ನು ಹಿಸುಕದೆ ಎತ್ತಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಿಸುವ ಬಿದಿರಿನ ತಟ್ಟೆಗೆ, ಬಿಡಬೇಕು. ತಡಮಾಡಿದರೆ ನೂಲನ್ನು ಸಿಕ್ಕ ಕಡೆಯೇ ಸುರಿದುಬಿಡುತ್ತದೆ.

ಹುಳ ಹಣ್ಣಾದ ಆ ಬೆಳಗ್ಗೆ ದೊಡ್ಡಮ್ಮ ನಮ್ಮ ಜಗುಲಿಯಲ್ಲಿ ಕೂತು, ಕಣ್ಣು ಮುಚ್ಚಿ, ಕೈ ಚಾಚಿದರು. ದಿನವೂ ಬೆಚ್ಚಗಿನ ಹರಳೆಣ್ಣೆ ಹಚ್ಚುತ್ತಿದ್ದೆ. ಅಂದು, ದೊಡ್ಡ ದಿನವಲ್ಲವೇ ಎಂದು, ಇಂಥದೇ ಘಾಟಿನ ಮುಲಾಮು ತಿಕ್ಕಿಬಿಟ್ಟೆ. ಈ ತಪ್ಪನ್ನು ಅವರ ಸೊಸೆಯ ಮೇಲೆ ಹಾಕಲು ನನ್ನ ನೆನಪು ಎಷ್ಟೋ ಸಲ ಹವಣಿಸಿದೆ. ತಿಕ್ಕಿದವಳು ನಾನೇ.

"ಅಯ್ಯಯ್ಯೋ, ಏನೇ ಮಾಡ್ಬಿಟ್ಟೆ! ಈ ಘಾಟು ಹುಳಕ್ಕೆ ಆಗಲ್ಲ ಕಣೇ!"

ಬೂದಿ, ಸೀಗೆಪುಡಿ, ಹುಣಸೆ... ಯಾವುದರಿಂದ ತೊಳೆದರೂ ಘಾಟು ಹೋಗಲಿಲ್ಲ. ಮಗ ಬಾಗಿಲಲ್ಲಿ ನಿಂತು ನೋಡಿದ. ಒಳಗೆ ಅವನು, ಸೊಸೆ, ಕೂಲಿಯ ಹೆಂಗಸರು ಆರಿಸತೊಡಗಿದರು. ನನಗೆ ಅಳು ಬಂತು. "ಪೋನೀಲೇ, ಹೋಗ್ಲಿ ಬಿಡು, ಅಳ್ಬೇಡ" ಎಂದು ದೊಡ್ಡಮ್ಮ ತೋಟಕ್ಕಿಳಿದರು. ಕೂತರೆ ಬೆರಳು ಮತ್ತೆ ಬಿಗಿದುಕೊಳ್ಳುತ್ತಿತ್ತು. ಹಾಗಾಗಿ ಸಾಲಿನಿಂದ ಸಾಲಿಗೆ ನಡೆದರು, ಮುಷ್ಟಿ ಕಟ್ಟುತ್ತ, ಬಿಡಿಸುತ್ತ. ನಡುನಡುವೆ ನೆರಳಲ್ಲಿ ನಿಂತು ಸುಧಾರಿಸಿಕೊಂಡು, ಕೈ ತೊಳೆದು, ಸೊಸೆಯ ಮೂಗಿಗೆ ಹಿಡಿಯುವರು. ಇನ್ನೂ ಇದೆ ಎಂದು ಅವಳು ತಲೆಯಾಡಿಸುವಳು. ಮತ್ತೆ ತೋಟ.

ಬಿಸಿಲು ಇಳಿಯುವಾಗ ಅವಳು ತಲೆಯಾಡಿಸಲಿಲ್ಲ. ಒಳಗೆ ತಡವಾಗಿ ಹಣ್ಣಾದ ಎರಡು ತಟ್ಟೆ ಹುಳ ಉಳಿದಿತ್ತು. ಮಗ ತಟ್ಟೆಗೆ ಕೈ ಹಾಕಲು ಹೋದ.

"ಸರ್ಕೊಳ್ಳೋ ಅತ್ಲಾಗೆ."

ಒಂದೊಂದನ್ನೇ ಎತ್ತಿದರು. ಹೆಬ್ಬೆರಳು ಬಗ್ಗದ್ದರಿಂದ ಎರಡು ಬೆರಳ ಸಂದಿಯಲ್ಲಿ. ಹೂ ಹಿಡಿದಂತೆ ಎಂದು ಬರೆಯಹೊರಟೆ. ಹಾಗಿರಲಿಲ್ಲ. ತುಟಿ ಕಚ್ಚಿಕೊಂಡಿದ್ದರು. ಒಂದೂ ಹಿಸುಕಲಿಲ್ಲ.

ಗೆದ್ದರು ಎಂದು ಇಲ್ಲಿಗೆ ನಿಲ್ಲಿಸಿದರೆ ಅಂದವಾಗಿರುತ್ತದೆ. ಮಾರನೆಯ ದಿನ ಕಾಫಿ ಲೋಟ ಹಿಡಿಯಲಾಗದಷ್ಟು ಕೈ ಊದಿತ್ತು. ಎರಡು ದಿನ ಮಲಗಿಯೇ ಇದ್ದರು. ಮೂರನೆಯ ದಿನ ಮಗನನ್ನು ಕರೆದು, ಮುಂದಿನ ಬೆಳೆಗೆ ಮರಿಹುಳಕ್ಕೆ ಹೇಳಿ ಬಾ ಎಂದರು. ಅವನು ಬೈಕ್ ತೆಗೆದ.

ದೊಡ್ಡಮ್ಮ ಹೋಗಿ ಕೆಲವು ವರ್ಷಗಳಾದವು. ಎಷ್ಟು ನೋಯುತ್ತದೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ನನ್ನ ಬೆರಳುಗಳಿಂದ ಈಗ ಅಂದಾಜು ಮಾಡಲು ನೋಡುತ್ತೇನೆ... ಆದರೆ ಇವು ಅವರ ಬೆರಳುಗಳಲ್ಲ.