ಮೊದಲು ಇಳಿಯುವ ನೀರು

ವಿಜ್ಞಾನದ ಬಸಲಿಂಗಪ್ಪ ಸರ್ ಅವರ ಬಿಳಿ ಅಂಗಿಯ ಜೇಬಿಗೆ ಕೆಂಪು ಶಾಯಿಯ ಕಲೆ ತಪ್ಪಿದ ದಿನವೇ ಇರಲಿಲ್ಲ. ಮುಗಿದ ರೀಫಿಲ್ಲುಗಳನ್ನು ಅವರು ಎಸೆಯುತ್ತಿರಲಿಲ್ಲ; ತುದಿ ಕಿತ್ತು, ತೊಳೆದು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರು. ತೆಲುಗು ಸೀಮೆಯ ಗಡಿಯಲ್ಲಿ, ಮನೂರಿನ ಕಡೆಯ ನಮ್ಮ ಶಾಲೆಯ ಕನ್ನಡ ಮಾಧ್ಯಮ ವಿಭಾಗಕ್ಕೆ ಪ್ರಯೋಗಾಲಯವೆಂದರೆ ಆ ಜೇಬೇ.

ತೆಲಂಗಾಣ ಚಳವಳಿಯ ವರ್ಷಗಳು. ಮುಷ್ಕರಕ್ಕೆ ಬಸ್ಸು ನಿಂತವು, ಶಾಲೆಗೆ ಬೀಗ ಬಿತ್ತು. ಸರ್ ಮಾತ್ರ ಸೈಕಲ್ ತುಳಿದು ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಹತ್ತನೆಯ ತರಗತಿಯವರನ್ನು ಕೂಡಿಸಿಕೊಳ್ಳುತ್ತಿದ್ದರು. "ರಾಜ್ಯ ಬರ್ತದ, ಬರಲಿ. ಪರೀಕ್ಷಾನೂ ಬರ್ತದಲ್ಲ" ಎನ್ನುವರು. ನನ್ನಪ್ಪ ಸಹಿ ಮಾಡಲು ಬಾರದ ಮನುಷ್ಯ. ಸರ್ ಬರುವ ಹೊತ್ತಿಗೆ ಹೆಗಲ ಟವೆಲ್ಲಿನಿಂದ ಕಟ್ಟೆ ಒರೆಸಿಡುತ್ತಿದ್ದ.

ಒಂದು ದಿನ ಸಮುದ್ರದ ಮಟ್ಟ ಏರುವ ಪಾಠ; ನಾವ್ಯಾರೂ ಸಮುದ್ರ ಕಂಡವರಲ್ಲ. "ನಾನೂ ನೋಡಿಲ್ಲವ್ವ, ಬಾಟ್ಲಿ ಸಾಕು" ಎಂದು ಸರ್ ಔಷಧಿಯ ಬಾಟಲಿಗೆ ಬಾಯಿಮಟ್ಟ ಕೆಂಪು ನೀರು ತುಂಬಿ, ರಬ್ಬರ್ ಬಿರಡೆಯಲ್ಲಿ ರೀಫಿಲ್ ತೂರಿಸಿ, ಬಿಸಿನೀರಿನ ಪಾತ್ರೆಯಲ್ಲಿಟ್ಟರು. ಕೊಳವೆಯ ನೀರು ಏರುವ ಬದಲು ತುಸು ಇಳಿಯಿತು. ನಾವು ನಕ್ಕೆವು.

"ತಡೀರಿ. ಮೊದಲ ಗಾಜು ಕಾದು ಹಿಗ್ತದ, ನೀರಿಗಿ ಜಾಗ ಸಿಗ್ತದ. ಆಮ್ಯಾಗ ನೀರು ಕಾಯ್ತದ, ನೋಡ್ರಿ."

ಆಮೇಲೆ ನೀರು ಏರಿತು, ಏರುತ್ತಲೇ ಹೋಯಿತು. ಸಮುದ್ರ ಕಾದರೂ ಹೀಗೆಯೇ, ಹೊಸದಾಗಿ ಒಂದು ಹನಿ ಬೀಳದಿದ್ದರೂ ದಂಡೆ ನುಂಗುತ್ತದೆ ಎಂದರು.

ಮುಷ್ಕರ ಮುಗಿದ ಮೇಲೆ ಜಹೀರಾಬಾದಿನಲ್ಲಿ ವಿಜ್ಞಾನ ಪ್ರದರ್ಶನ. ನೀನೇ ಹೋಗಬೇಕು, ತೆಲುಗಿನಲ್ಲಿ ಹೇಳಬೇಕು ಎಂದರು ಸರ್. ಬಾಟಲಿ ನಾನೇ ಸಿದ್ಧಮಾಡಿದೆ. ಷೇರ್ ಆಟೋದಲ್ಲಿ ಪಕ್ಕ ಕೂತವರಿಗೆಲ್ಲ ತೆಲುಗಿನಲ್ಲಿ ಒಪ್ಪಿಸಿ, ತಪ್ಪು ತಿದ್ದಿಸಿಕೊಂಡೆ. ಆ ದಿನ ಅಪ್ಪ ಕೂಲಿ ಬಿಟ್ಟು ಜೊತೆಗೆ ಬಂದ.

ಸಭಾಂಗಣದ ಬಾಗಿಲಲ್ಲಿ ಸರ್ ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು, ತೆಲುಗು ವಿಭಾಗದಲ್ಲಿ ಓದುತ್ತಿದ್ದ ಹೆಡ್‌ಮಾಸ್ಟರರ ಮಗನ ಕೈಗಿಟ್ಟರು. "ನಿನ್ನ ತೆಲುಗಿನಾಗ ಕನ್ನಡ ಭಾಳ ಕೇಳ್ತದವ್ವ. ಹೆಡ್‌ಮಾಸ್ಟರ್ ಹೇಳ್ಯಾರ. ಬ್ಯಾಸರ ಮಾಡ್ಕೋಬ್ಯಾಡ."

ಆ ಹುಡುಗ ನಮ್ಮ ಕಟ್ಟೆಯ ಮೇಲೆ ಒಂದು ದಿನವೂ ಕೂತವನಲ್ಲ. ನೀರು ಇಳಿದದ್ದೇ ತಡ, ಏನೋ ಕೆಟ್ಟಿತೆಂದು ಬಾಟಲಿಯನ್ನು ಪಾತ್ರೆಯಿಂದ ಎತ್ತಿಬಿಟ್ಟ. ಯಾಕೆ ಇಳಿಯಿತೆಂದು ಪರೀಕ್ಷಕರು ಕೇಳಿದರು. ಅವನು ಬಿರಡೆ ತಿರುಗಿಸತೊಡಗಿದ. ನಾನು ಹಿಂದಿನಿಂದ ಬಾಯಿ ತೆರೆದೆ. ಸರ್ ತಮ್ಮ ತುಟಿಯ ಮೇಲೆ ಬೆರಳಿಟ್ಟು ನನ್ನನ್ನೇ ನೋಡಿದರು. ಪರೀಕ್ಷಕರು ಪಕ್ಕದ ಮೇಜಿಗೆ ಹೋದರು.

ಮರಳುವಾಗ ಅಪ್ಪ ಒಂದೇ ಮಾತು ಕೇಳಿದ: "ಬಾಟ್ಲಿ ನಿಂದೇ ಅಲ್ಲೇನ?"

ತಾಂಡೂರಿನ ಸಂಬಂಧಿಕರ ಮನೆಯ ಪಾತ್ರೆ ಬೆಳಗಿಕೊಂಡು ಬಿಎಸ್ಸಿ ಮುಗಿಸಿದೆ. ನಮ್ಮ ಮನೆತನದಲ್ಲಿ ಮೊದಲ ಪದವಿ ನನ್ನದು. ಪದವಿಪತ್ರ ತರುವ ದಿನವೇ ಜಹೀರಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಸರ್ ಸಿಕ್ಕರು. ಜೇಬಿನ ಕಲೆ ಹಾಗೆಯೇ ಇತ್ತು. "ನಾ ಕಲಿಸಿದ ಹುಡುಗಿ" ಎಂದು ಜೊತೆಗಿದ್ದವರಿಗೆ ತೋರಿಸಿದರು. ಸುಳ್ಳಲ್ಲ ಅದು. ಸುಳ್ಳಾಗಿದ್ದರೆ ನನಗೆ ಹಗುರವಾಗುತ್ತಿತ್ತು.

ಅವತ್ತು ನನ್ನನ್ನು ಯಾಕೆ ಸುಮ್ಮನಿರಿಸಿದಿರಿ ಎಂದು ಕೇಳಿದೆ. ಯಾವತ್ತೆಂದು ಸರ್ ಎರಡು ಸಲ ಕೇಳಿ ನೆನಪು ಮಾಡಿಕೊಂಡರು.

"ಹೌದವ್ವ, ಪಾಪ ಆ ಹುಡುಗ ಭಾಳ ಗಾಬರಿ ಆಗಿದ್ದ."

ನಾರಾಯಣಖೇಡದ ಬಸ್ಸು ಬಂತು. ಅವರಿಗೆ ತೋರಿಸಲೆಂದು ಪದವಿಪತ್ರವನ್ನು ಚೀಲದಿಂದ ಅರ್ಧ ಹೊರಗೆ ತೆಗೆದಿದ್ದೆ. ಒಳಗೆ ತಳ್ಳಿ ಬಸ್ಸು ಹತ್ತಿದೆ. ಮತ್ತೆ ಅವರನ್ನು ನೋಡಲಿಲ್ಲ.