ಹಸಿ ಸೊಪ್ಪಿನ ಘಾಟು

ಹುಣಸೂರಿನ ಒಂದು ಕಾಲೇಜಿನಲ್ಲಿ ನಾನು ತತ್ವಶಾಸ್ತ್ರದ ಮೇಷ್ಟ್ರು. ಫಿನಾಮಿನಾಲಜಿ, ಅಂದರೆ ಅನುಭವವನ್ನು ಅದು ಇದ್ದಂತೆಯೇ ನೋಡುವ ಶಾಸ್ತ್ರ, ಅದರ ಪಾಠವೆಂದರೆ ನನಗೆ ಹಬ್ಬ. “ಒಂದು ಅನುಭವವನ್ನು ಅರಿಯಬೇಕಾದರೆ ಮೊದಲು ನಿಮ್ಮ ಊಹೆಗಳನ್ನೆಲ್ಲ ಬದಿಗಿಡಿ. ಸುಳ್ಳೆಂದು ತಳ್ಳಬೇಡಿ, ನಿಜವೆಂದು ಒಪ್ಪಲೂ ಬೇಡಿ. ಅನುಭವಿಸುವವರಿಗೆ ಅದು ಹೇಗಿದೆ, ಅಷ್ಟನ್ನೇ ಕೇಳಿ” ಎಂದು ಒಂದು ಶನಿವಾರ ಗಂಟಲು ಹರಿಯುವಂತೆ ಹೇಳಿ ಊರಿಗೆ ಹೋದೆ.

ಪಿರಿಯಾಪಟ್ಟಣದ ಹತ್ತಿರ ನಮ್ಮ ಹೊಗೆಸೊಪ್ಪಿನ ಹೊಲ. ಭಾನುವಾರ ಬೆಳಿಗ್ಗೆ ಜಡಿಮಳೆ ನಿಂತ ಮೇಲೆ ಏಳೆಂಟು ಹೆಂಗಸರು ಸೊಪ್ಪು ಮುರಿಯುತ್ತಿದ್ದರು. ಅವರಲ್ಲೊಬ್ಬಾಕೆ, ನನಗಿಂತ ಹತ್ತು ವರ್ಷ ದೊಡ್ಡವಳು, ತೂರಾಡುತ್ತ ಬದುವಿಗೆ ಬಂದು ವಾಂತಿ ಮಾಡಿಕೊಂಡಳು. ಆಕೆಯ ಗಂಡ ಕುಡಿದು ಕುಡಿದೇ ಸತ್ತವನು. ನನಗೆ ಅಷ್ಟೇ ಸಾಕಾಯಿತು.

“ಬೆಳಗಾಗ್ತಿದ್ದಂಗೇ ನೀನೂ ಶುರು ಹಚ್ಕೊಂಡ್ಯಾ? ಹೋಗು ಮನೆಗೆ!” ಎಂದು ಎಲ್ಲರ ಮುಂದೆ ಕೂಗಿದೆ.

ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಒಂದ್ ತೊಟ್ಟೂ ಮುಟ್ಟಿದೋಳಲ್ಲ ಕಣ್ರೀ ಮೇಷ್ಟ್ರೇ. ಗಂಡನ್ ಹೆಸ್ರಂತೂ ಹೋಯ್ತು. ನಂದಾದ್ರೂ ಉಳೀಲಿ, ಇಂಗನ್ಬೇಡಿ.”

ಅಷ್ಟರಲ್ಲಿ ಅವ್ವ ಮಜ್ಜಿಗೆ ಹಿಡಿದು ಓಡಿ ಬಂದಳು. ಆಕೆಯನ್ನು ಮರದ ಬುಡದಲ್ಲಿ ಕೂರಿಸಿ ನನ್ನತ್ತ ತಿರುಗಿದಳು. “ನೆಂದ ಸೊಪ್ಪಿನ ಘಾಟು ಮೈಗಿಳಿದ್ರೆ ಇಂಗೇ ತಲೆ ತಿರುಗ್ತದೆ ಕಣ್ಲಾ. ಏನಾಯ್ತು ಅಂತ ಒಂದ್ ಮಾತು ಕೇಳಕ್ಕಾಗ್ನಿಲ್ವಾ ನಿಂಗೆ?”

ಚಿಕ್ಕಂದಿನಿಂದ ಹಾಸ್ಟೆಲಿನಲ್ಲೇ ಬೆಳೆದ ನಾನು ಸೊಪ್ಪನ್ನು ಮುಟ್ಟಿದ್ದೆಲ್ಲ ಅದು ಬ್ಯಾರನ್ ಎಂಬ ಬೇಯಿಸುವ ಮನೆಯಲ್ಲಿ ಬೆಂದು ಒಣಗಿದ ಮೇಲೆಯೇ. ಆದರೆ ಅದು ನೆಪ. ಹೇಳೋದು ಆಚಾರ, ತಿನ್ನೋದು ಬದನೇಕಾಯಿ ಎಂಬುದು ನನ್ನಂಥವನಿಗೇ ಹೇಳಿದ ಗಾದೆ. ನಾಚಿಕೆಯಿಂದ ತಲೆ ತಗ್ಗಿಸಿ, ಕ್ಷಮೆಯನ್ನೂ ಕೇಳದೆ ಹುಣಸೂರಿನ ಬಸ್ಸು ಹತ್ತಿದೆ.

ಮುಂದಿನ ಭಾನುವಾರ ಯಾರು ಬೇಡವೆಂದರೂ ಕೇಳದೆ ನಾನೇ ಒದ್ದೆ ಸಾಲಿಗೆ ಇಳಿದೆ. ಅಂಗಿ ಮೈಗಂಟಿತು, ಅಂಗೈ ಜಿಗುಟಾಗಿ ಕಪ್ಪಾಯಿತು. ಎರಡು ಗಂಟೆ ಕಳೆಯುವುದರೊಳಗೆ ಹೊಲವೇ ಸುತ್ತತೊಡಗಿ ಅದೇ ಬದುವಿನ ಮೇಲೆ ಕುಸಿದು ಕಾರಿಕೊಂಡೆ.

ಮೊದಲು ಬಂದವಳು ಆಕೆಯೇ. ನನ್ನ ಹಣೆ ಹಿಡಿದುಕೊಂಡು, “ನಿಮ್ಗೆ ಎಂಗಾಯ್ತೈತೆ, ಮೇಷ್ಟ್ರೇ?” ಎಂದಳು.

“ತಪ್ಪಾಯ್ತು ಅಕ್ಕ” ಎಂದೆ.

“ಅದ್ ಬುಡಿ. ಎಂಗಾಯ್ತೈತೆ ಅದೇಳಿ.”

ಹಿಂದಿನ ಸಂಜೆ ನಾನು ಗೆಳೆಯರ ಜೊತೆ ಬಿಳಿಕೆರೆಯಲ್ಲಿ ಕುಡಿದು ಬಂದಿದ್ದು ಊರಿಗೆಲ್ಲ ಗೊತ್ತಿತ್ತು. ಆಕೆಗೂ ಗೊತ್ತಿತ್ತು. ಅದರ ಮಾತನ್ನು ಆಕೆ ಎತ್ತಲೇ ಇಲ್ಲ.