ವೀಸಾಕ್ಕೂ ಮೊದಲು ಎದೆ ನೋಡುವ ಅಕ್ಕ

ಬೆಳಗಿನ ಐದೂ ಮುಕ್ಕಾಲು. ಔಷಧಿ ಅಂಗಡಿಯ ಪಕ್ಕದಿಂದ ಮೇಲಿನ ಮಹಡಿಗೆ ಹೋಗುವ ಕಿರಿದಾದ ಮೆಟ್ಟಿಲುಗಳ ಮೇಲೆ ಆಗಲೇ ಹನ್ನೊಂದು ಮಂದಿ ಕುಳಿತಿದ್ದಾರೆ. ಎಲ್ಲರ ಮಡಿಲಲ್ಲೂ ಒಂದೊಂದು ಪ್ಲಾಸ್ಟಿಕ್ ಫೈಲು. ಕೆಲವರ ಜೊತೆ ಅಪ್ಪ, ಕೆಲವರ ಜೊತೆ ಅಮ್ಮ. ಮಾತು ಕಡಿಮೆ. ಯಾರಾದರೂ ಕೆಮ್ಮಿದರೆ ಉಳಿದವರೆಲ್ಲ ತಿರುಗಿ ನೋಡುತ್ತಾರೆ. ಕೆಮ್ಮಿದವನು ತಪ್ಪು ಮಾಡಿದವನಂತೆ ತಲೆ ತಗ್ಗಿಸುತ್ತಾನೆ.

"ಸ್ವಲ್ಪ ಜಾಗ ಬಿಡ್ರಪ್ಪ, ಬೀಗದ ಕೈ ನನ್ನ ಹತ್ರಾನೇ ಇರೋದು" ಎನ್ನುತ್ತ ಒಬ್ಬ ಕುಳ್ಳನೆಯ ಹೆಂಗಸು ಅವರ ನಡುವೆ ಹತ್ತಿ ಬರುತ್ತಾರೆ. ವಯಸ್ಸು ಐವತ್ತಾರು. ಬಲಗಡೆ ಸೊಂಟ ನೋಯುವುದರಿಂದ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಡುತ್ತಾರೆ. ಬಾಗಿಲು ತೆಗೆದು, ಒಳಗಿನ ಕೋಣೆಯ ಯಂತ್ರದ ಸ್ವಿಚ್ಚು ಹಾಕುತ್ತಾರೆ. ಅದು ಬೆಚ್ಚಗಾಗಲು ಹತ್ತು ನಿಮಿಷ ಬೇಕು. ಅಷ್ಟರಲ್ಲಿ ಎದೆ ಒತ್ತಿ ನಿಲ್ಲುವ ಹಲಗೆಯನ್ನು ಸ್ಪಿರಿಟ್ ಹಾಕಿ ಒರೆಸುತ್ತಾರೆ. ಒಗೆದ ಗೌನುಗಳನ್ನು ಮೊಳೆಗೆ ತೂಗುಹಾಕುತ್ತಾರೆ. ಮೈಗೆ ಎಷ್ಟು ಕಿರಣ ತಾಗಿತೆಂದು ಅಳೆಯುವ ಪುಟ್ಟ ಬಿಲ್ಲೆಯೊಂದನ್ನು ಕೋಟಿಗೆ ಸಿಕ್ಕಿಸಿಕೊಳ್ಳುತ್ತಾರೆ.

ಮೊದಲು ಬಂದವನಿಗೆ ಹತ್ತೊಂಬತ್ತು ವರ್ಷ. ಅಕ್ಕ ಪಾಸ್‌ಪೋರ್ಟಿನ ಫೋಟೋ ನೋಡುತ್ತಾರೆ, ಅವನ ಮುಖ ನೋಡುತ್ತಾರೆ, ಮತ್ತೆ ಫೋಟೋ ನೋಡುತ್ತಾರೆ. ಹುಟ್ಟಿದ ತಾರೀಖು ಕೇಳುತ್ತಾರೆ. "ಕೊರಳಲ್ಲಿ ಸರ, ದಾರ ಏನೂ ಇರಬಾರದು. ಗಲ್ಲ ಇಲ್ಲಿಡು. ಭುಜ ಮುಂದಕ್ಕೆ ತಾ. ಉಸಿರು ಎಳ್ಕೊ... ಇನ್ನೂ... ಹಾಗೇ ಹಿಡ್ಕೊ." ಸೀಸದ ಗಾಜಿನ ಹಿಂದೆ ಹೋಗಿ ಗುಂಡಿ ಒತ್ತುತ್ತಾರೆ. "ಆಯ್ತು, ಬಿಡು." ಹುಡುಗ ಬಿಡುವುದಿಲ್ಲ. ಮುಖ ಕೆಂಪಗಾಗಿದೆ. "ಬಿಡಪ್ಪ. ಅಲ್ಲಿಗೆ ಹೋದ್ಮೇಲೂ ಉಸಿರು ಬೇಕಾಗುತ್ತೆ" ಎಂದಾಗ ಅವನು ನಗುತ್ತಾನೆ. ನಗುವುದಕ್ಕೆ ಉಸಿರು ಬಿಡಲೇಬೇಕಲ್ಲ.

ಹೊರದೇಶಕ್ಕೆ ಓದಲು ಹೊರಟವರು ಸೇರಿಸಬೇಕಾದ ಕಾಗದಗಳು ಒಂದೆರಡಲ್ಲ. ವಿಶ್ವವಿದ್ಯಾಲಯದ ಪ್ರವೇಶಪತ್ರ, ಭಾಷಾ ಪರೀಕ್ಷೆಯ ಅಂಕ, ಖರ್ಚು ಯಾರು ನೋಡಿಕೊಳ್ಳುತ್ತಾರೆಂಬ ದಾಖಲೆ, ಪೊಲೀಸರ ಪತ್ರ. ಕೆಲವು ದೇಶಗಳು ಇನ್ನೊಂದನ್ನೂ ಕೇಳುತ್ತವೆ: ಎದೆಯಲ್ಲಿ ಕ್ಷಯ ಇಲ್ಲವೆಂಬ ಪ್ರಮಾಣಪತ್ರ. ಅದನ್ನು ಎಲ್ಲ ಆಸ್ಪತ್ರೆಗಳೂ ಕೊಡುವಂತಿಲ್ಲ. ಒಪ್ಪಿಗೆ ಪಡೆದ ಕೆಲವೇ ಕೆಲವು ಕಡೆ ಸಿಗುತ್ತದೆ. ಈ ಮಹಡಿ ಮೇಲಿನ ಕ್ಲಿನಿಕ್ಕು ಅಂಥದ್ದೊಂದು. ಚಿತ್ರ ಓದಿ ಸಹಿ ಹಾಕುವವರು ಡಾಕ್ಟರು. ಕೆಳಗಿನ ಬೋರ್ಡಿನಲ್ಲಿ ಅವರ ಹೆಸರಿದೆ. ಇಪ್ಪತ್ತೈದು ವರ್ಷದಿಂದ ಆ ಚಿತ್ರ ತೆಗೆಯುತ್ತಿರುವವರನ್ನು ಬಂದವರೆಲ್ಲ ಕರೆಯುವುದು 'ಎಕ್ಸ್‌ರೇ ಅಕ್ಕ' ಎಂದು.

ಮಾಮೂಲು ದಿನಗಳಲ್ಲಿ ಮೂವತ್ತು ಮಂದಿ. ಕಾಲೇಜು ಶುರುವಾಗುವ ಮುಂಚಿನ ಎರಡು ತಿಂಗಳು ಎಪ್ಪತ್ತರವರೆಗೆ ಹೋಗುತ್ತದೆ. ವಾರಕ್ಕೆ ಇಬ್ಬರು ಮೂವರ ಚಿತ್ರದಲ್ಲಿ ಏನೋ ಅನುಮಾನ ಕಾಣುತ್ತದೆ. ಬಹುಪಾಲು ಎಂದೋ ವಾಸಿಯಾದ ಗುರುತು. ವರ್ಷಕ್ಕೆ ಒಂಬತ್ತೋ ಹತ್ತೋ ಮಂದಿಗೆ ನಿಜವಾಗಿ ಕಾಯಿಲೆ ಇರುತ್ತದೆ. ಅದನ್ನು ಎಲ್ಲರಿಗಿಂತ ಮೊದಲು ನೋಡುವುದು ಡಾಕ್ಟರಲ್ಲ, ಈ ಅಕ್ಕ.

"ಪರದೆ ಮೇಲೆ ಬಂದ ತಕ್ಷಣ ನನಗೆ ಗೊತ್ತಾಗುತ್ತೆ. ಹೇಳೋ ಹಾಗಿಲ್ಲ. ನಾನು ಡಾಕ್ಟರಲ್ಲವಲ್ಲ. ಬಾಯಿಗೆ ಬೀಗ ಹಾಕೋದು ಸುಲಭ. ಮುಖಕ್ಕೆ ಹಾಕೋದು ಕಷ್ಟ. ಗೌನ್ ಬಿಚ್ಚುತ್ತಾ ಬಿಚ್ಚುತ್ತಾ ಮಕ್ಕಳು ನನ್ನ ಮುಖಾನೇ ಓದ್ತಿರ್ತಾರೆ" ಎನ್ನುತ್ತಾರೆ. ಒಮ್ಮೆ ಹುಡುಗಿಯೊಬ್ಬಳು ಅಲುಗಾಡಿದ್ದಕ್ಕೆ "ಇನ್ನೊಂದ್ಸಲ ತೆಗೀತೀನಿ" ಎಂದರಂತೆ. ಅವಳು ಅಲ್ಲೇ ಎಚ್ಚರ ತಪ್ಪಿ ಬಿದ್ದಳು. ಅಂದಿನಿಂದ ಒಳಗೆ ಕಾಲಿಟ್ಟವರಿಗೆಲ್ಲ, ಎರಡು ಸಲ ತೆಗೆಯುವುದು ಇಲ್ಲಿ ಮಾಮೂಲು ಎಂದು ಮೊದಲೇ ಹೇಳಿಬಿಡುತ್ತಾರೆ.

ಅಕ್ಕನಿಗೆ ನರ್ಸ್ ಆಗುವ ಆಸೆಯಿತ್ತು. ಅಂಕ ಸಾಲದೆ ಎರಡು ವರ್ಷದ ಎಕ್ಸ್‌ರೇ ಕೋರ್ಸಿಗೆ ಸೇರಿದರು. ಮೊದಲ ಒಂಬತ್ತು ವರ್ಷ ಮೂಳೆ ಆಸ್ಪತ್ರೆಯಲ್ಲಿ ಕೆಲಸ. "ಅಲ್ಲಿ ನೆಮ್ಮದಿ ಇತ್ತು. ಮುರಿದಿದ್ದು ಎಲ್ರಿಗೂ ಕಾಣ್ತಿತ್ತು, ಮುಚ್ಚಿಡೋಕೆ ಏನೂ ಇರ್ಲಿಲ್ಲ" ಎನ್ನುತ್ತಾರೆ. ಇಲ್ಲಿಗೆ ಬಂದಾಗ ಅವರ ಅತ್ತೆ, "ಗಂಡುಹುಡುಗರ ಅಂಗಿ ಬಿಚ್ಚಿಸೋದೂ ಒಂದು ಕೆಲಸಾನಾ?" ಎಂದು ವರ್ಷಗಟ್ಟಲೆ ಮೂಗು ಮುರಿದರು. ಕೊನೆಗಾಲದಲ್ಲಿ ಅದೇ ಅತ್ತೆ ದಮ್ಮು ಹತ್ತಿದಾಗಲೆಲ್ಲ ಸೊಸೆಯನ್ನಲ್ಲದೆ ಬೇರೆ ಯಾರನ್ನೂ ಎದೆ ಮುಟ್ಟಲು ಬಿಡುತ್ತಿರಲಿಲ್ಲ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾಗಿದ್ದಾರೆ. ಒಬ್ಬಳೇ ಮಗಳು ಶಾಲೆಯಲ್ಲಿ ಪಾಠ ಹೇಳುತ್ತಾಳೆ.

ಏಳು ವರ್ಷದ ಹಿಂದಿನ ಸಂಗತಿಯೊಂದನ್ನು ಅಕ್ಕ ತಾವಾಗಿ ಹೇಳುವುದಿಲ್ಲ. ಅವರ ಬಗ್ಗೆ ಬರೆಯಲು ಹೋದ ನನಗೂ ಮೂರನೇ ಭೇಟಿಯಲ್ಲಿ ಹೇಳಿದರು, ಅದೂ ಗೌನು ಮಡಿಸುತ್ತ, ನನ್ನ ಕಡೆ ನೋಡದೆ.

ಇಪ್ಪತ್ತೊಂದು ವರ್ಷದ ಹುಡುಗಿಯೊಬ್ಬಳು ಬಂದಿದ್ದಳು. ಮಣ್ಣಿನ ಬಗ್ಗೆ ಹೆಚ್ಚಿನ ಓದಿಗೆ ಸೀಟು ಸಿಕ್ಕಿತ್ತು. ವಿದ್ಯಾರ್ಥಿವೇತನವೂ ಸಿಕ್ಕಿತ್ತು. ಚಿತ್ರದಲ್ಲಿ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಹತ್ತಿಯ ಎಳೆ ಬಿಡಿಸಿಟ್ಟಂಥ ಬಿಳಿ. ಡಾಕ್ಟರು ಮೂರು ದಿನ ಬೆಳಗ್ಗೆ ಬಂದು ಕಫ ಕೊಡಲು ಹೇಳಿದರು. ಅದರ ಫಲಿತಾಂಶಕ್ಕೆ ಎಂಟು ವಾರ ಬೇಕು. ತರಗತಿ ಶುರುವಾಗಲು ಉಳಿದಿದ್ದು ಐದೇ ವಾರ. ಹುಡುಗಿ ಕಫ ಕೊಡಲು ಬರಲಿಲ್ಲ. ಒಂಬತ್ತು ದಿನ ಬಿಟ್ಟು ಅವಳ ಅಪ್ಪ ಬಂದು, ಮೊದಲ ಚಿತ್ರ ಸರಿಯಾಗಿ ಬಂದಿಲ್ಲ, ಇನ್ನೊಮ್ಮೆ ತೆಗೆಯಿರಿ ಎಂದು ಪಟ್ಟು ಹಿಡಿದರು. ಡಾಕ್ಟರು ಒಪ್ಪಿದರು.

ಮರುದಿನ ಹುಡುಗಿ ಬಂದಳು. ಅದೇ ಪಾಸ್‌ಪೋರ್ಟು, ಅದೇ ಮೂಗು, ಅದೇ ಹುಬ್ಬು. ಕೇಳಿದ್ದಕ್ಕೆಲ್ಲ ತಡವರಿಸದೆ ಉತ್ತರ ಹೇಳಿದಳು. ಪರದೆ ಮೇಲೆ ಬಂದ ಶ್ವಾಸಕೋಶ ಎರಡೂ ಕಡೆ ಸ್ವಚ್ಛ. ಆದರೆ ಎಡಭುಜಕ್ಕೆ ಹೋಗುವ ಮೂಳೆಯ ಮಧ್ಯೆ ಒಂದು ಗಂಟು, ಎಂದೋ ಮುರಿದು ಕೂಡಿಕೊಂಡದ್ದು. ಮೂಳೆ ಆಸ್ಪತ್ರೆಯಲ್ಲಿ ಒಂಬತ್ತು ವರ್ಷ ಕಳೆದವರ ಕಣ್ಣಿಗೆ ಅದು ತಪ್ಪುವಂತಿರಲಿಲ್ಲ. ಮೊದಲ ಚಿತ್ರದಲ್ಲಿ ಆ ಗಂಟು ಇರಲಿಲ್ಲ.

ಅಕ್ಕ ಬಾಗಿಲು ಹಾಕಿ ಬಂದರು. "ಈ ಭುಜದ ಮೂಳೆ ಯಾವಾಗ ಮುರಿದಿತ್ತಮ್ಮ?"

ಹುಡುಗಿಯ ಕೈ ಎಡಭುಜಕ್ಕೆ ಹೋಯಿತು. "ಏಳನೇ ಕ್ಲಾಸಲ್ಲಿ. ಸೈಕಲ್ಲಿಂದ ಬಿದ್ದಿದ್ದೆ."

"ಈ ಪಾಸ್‌ಪೋರ್ಟಿನವಳು ಎಲ್ಲಿ?"

"ತಂಗಿ ಮನೇಲಿ ಮಲಗಿದಾಳೆ. ಸಂಜೆ ಆದ್ರೆ ಜ್ವರ ಬರುತ್ತೆ." ಆಮೇಲೆ ಗೌನಿನ ದಾರ ಬಿಚ್ಚಲಾಗದೆ ಅಳತೊಡಗಿದಳು. "ಅಲ್ಲಿಗೆ ಹೋದ್ಮೇಲೆ ದೊಡ್ಡ ಡಾಕ್ಟರಿಗೆ ತೋರಿಸಿದ್ರಾಯ್ತು ಅಂತ ಅಪ್ಪ ಅಂದ್ರು. ನೀವು ಏನೂ ನೋಡಿಲ್ಲ ಅಂದ್ಕೊಳ್ಳಿ ಆಂಟಿ. ಅವಳು ಚಿಕ್ಕೋಳಿದ್ದಾಗಿಂದ ಇದೊಂದೇ ಕೇಳಿದ್ದು."

ಅಕ್ಕ ಡಾಕ್ಟರಿಗೆ ಹೇಳಿದರು. ಒಂದು ದಿನ ತಡೆಯಿರಿ, ತಂಗಿಯನ್ನೇ ಕರೆಸೋಣ ಎಂದೂ ಬೇಡಿಕೊಂಡರು. ಬೇರೆಯವರ ಹೆಸರಲ್ಲಿ ಪರೀಕ್ಷೆಗೆ ಬಂದರೆ ಅಂದೇ ವೀಸಾ ಕಚೇರಿಗೆ ತಿಳಿಸಬೇಕೆಂಬುದು ನಿಯಮ. ಡಾಕ್ಟರು ತಿಳಿಸಿದರು. ತಂಗಿಯ ಅರ್ಜಿ ತಿರಸ್ಕೃತವಾಯಿತು. ಹತ್ತು ವರ್ಷ ಆ ದೇಶಕ್ಕೆ ಅರ್ಜಿ ಹಾಕುವಂತಿಲ್ಲ ಎಂಬ ಪತ್ರವೂ ಬಂತು. ಅಪ್ಪ ಕ್ಲಿನಿಕ್ಕಿಗೆ ಬಂದು ಎಲ್ಲರೆದುರು ನಿಂತು, "ನಿಮಗೂ ಮಗಳಿದಾಳಂತಲ್ಲ" ಎಂದಷ್ಟೇ ಹೇಳಿ ಹೋದರು. ಬೈದಿದ್ದರೆ ಒಂದು ವಾರಕ್ಕೆ ಮರೆಯುತ್ತಿದ್ದೆ ಎನ್ನುತ್ತಾರೆ ಅಕ್ಕ.

"ಅವರ ಮನೇಲಿ ವೀಸಾ ಹೋಯ್ತು ಅಂತ ಎಲ್ರೂ ಅತ್ರು. ಕಾಯಿಲೆ ಇದೆ ಅಂತ ಯಾರೂ ಅಳಲಿಲ್ಲ. ನಮ್ಮಲ್ಲೂ ಅಷ್ಟೇ, ಅರ್ಜಿ ಹೋದ್ಮೇಲೆ ಫೈಲು ಮುಚ್ಚಿಟ್ರು. ಅವಳು ಔಷಧಿ ತಗೊಂಡ್ಳಾ ಅಂತ ಕೇಳೋದು ಯಾರ ಕೆಲಸಾನೂ ಆಗಿರ್ಲಿಲ್ಲ."

ಆರು ವಾರ ಅಕ್ಕ ಸುಮ್ಮನಿದ್ದರು. ನಂತರ ಫೈಲಿನಿಂದ ವಿಳಾಸ ಬರೆದುಕೊಂಡು, ಒಂದು ಭಾನುವಾರ ಎರಡು ಬಸ್ಸು ಬದಲಿಸಿ ಆ ಮನೆಗೆ ಹೋದರು. ಅದೂ ನಿಯಮಕ್ಕೆ ವಿರುದ್ಧವೇ. ಅಪ್ಪ ಬಾಗಿಲು ತೆರೆದವರು ಮುಖ ನೋಡಿ ಹಾಗೆಯೇ ಮುಚ್ಚಿದರು. ಎರಡನೇ ಸಲ ಹೋದಾಗ ಅಮ್ಮ ಗೇಟಿನ ಮೇಲಿಂದ ಸರ್ಕಾರಿ ಕ್ಷಯ ಆಸ್ಪತ್ರೆಯ ಚೀಟಿ ಇಸಿದುಕೊಂಡು, "ಜೋರಾಗಿ ಮಾತಾಡ್ಬೇಡಿ, ಪಕ್ಕದ ಮನೆಯವರಿದಾರೆ" ಎಂದರು. ಮೂರನೇ ಸಲ ಬಸ್ ನಿಲ್ದಾಣದಲ್ಲೇ ದೊಡ್ಡ ಮಗಳು ಕಾಯುತ್ತಿದ್ದಳು. ಅಪ್ಪ ಇಲ್ಲದ ಹೊತ್ತು ನೋಡಿ ಒಳಗೆ ಕರೆದುಕೊಂಡು ಹೋದಳು.

ಹಿಂದಿನ ಕೋಣೆ. ಕೆಮ್ಮು ಹೊರಗೆ ಕೇಳದಂತೆ ಕಿಟಕಿ ಮುಚ್ಚಿ, ಅದರ ಸಂದಿಗೆ ಬಟ್ಟೆ ತುರುಕಿದ್ದರು. ಮಂಚದ ಕೆಳಗೆ ಹೊಸ ಸೂಟ್‌ಕೇಸು, ಅದರ ಬೀಗಕ್ಕೆ ಕಟ್ಟಿದ ಬೆಲೆಯ ಚೀಟಿಯನ್ನೂ ಕಿತ್ತಿರಲಿಲ್ಲ. ಹುಡುಗಿ ಅರ್ಧ ಆಗಿಹೋಗಿದ್ದಳು. ಅಕ್ಕನನ್ನು ಗುರುತು ಹಿಡಿದು ಕೇಳಿದಳು: "ಅವತ್ತು ನನ್ನ ಚಿತ್ರದಲ್ಲಿ ನಿಮಗೆ ಏನು ಕಾಣಿಸ್ತು? ನನಗೆ ಯಾರೂ ಹೇಳಿಲ್ಲ."

ಕೆಲಸಕ್ಕೆ ಸೇರಿದ ಮೇಲೆ ಮೊದಲ ಬಾರಿಗೆ ಅಕ್ಕ ಬಾಯಿಬಿಟ್ಟು ಹೇಳಿದರು. "ಬಲಗಡೆ ಮೇಲೆ, ನಿನ್ನ ಹೆಬ್ಬೆರಳಿನಷ್ಟು ಜಾಗ ಕಂದಾ. ಔಷಧಿಗೆ ಹೋಗುವಂಥದ್ದು."

"ಹೋಗುವಂಥದ್ದಾ?" ಎಂದಳಂತೆ ಹುಡುಗಿ. ಆ ಪ್ರಶ್ನೆಯನ್ನು ಹೇಳುವಾಗ ಅಕ್ಕ ಗೌನು ಮಡಿಸುವುದನ್ನು ನಿಲ್ಲಿಸುತ್ತಾರೆ.

ಮರುದಿನವೇ ಅಕ್ಕತಂಗಿಯರು ಸರ್ಕಾರಿ ಆಸ್ಪತ್ರೆಗೆ ಹೋದರು. ಆ ಹೊತ್ತಿಗೆ ಮೊದಲ ಚಿತ್ರ ತೆಗೆದು ನಾಲ್ಕು ತಿಂಗಳಾಗಿತ್ತು, ಕಾಯಿಲೆ ಎರಡೂ ಕಡೆ ಹಬ್ಬಿತ್ತು. ಮಾಮೂಲಿ ಔಷಧಿಗೆ ಜಗ್ಗಲಿಲ್ಲ. ಬೇರೆ ಔಷಧಿ ಶುರು ಮಾಡಿ ಐದನೇ ತಿಂಗಳಲ್ಲಿ ಹುಡುಗಿ ತೀರಿಕೊಂಡಳು. ಮನೆಯವರೆಲ್ಲರ ಎದೆಯನ್ನೂ ನೋಡಲೇಬೇಕೆಂದು ಅಕ್ಕ ಹಟ ಹಿಡಿದಿದ್ದರು. ಸ್ವಚ್ಛವಾಗಿದ್ದ ದೊಡ್ಡ ಮಗಳ ಚಿತ್ರದಲ್ಲೂ ಬೂದಿ ಮುಚ್ಚಿದ ಕೆಂಡದಂತೆ ಅದು ಕಾಣಿಸಿಕೊಂಡಿತ್ತು. ಬೇಗ ಸಿಕ್ಕಿದ್ದರಿಂದ ಅವಳು ಉಳಿದಳು.

ನಾನು ಫೋನ್ ಮಾಡಿದಾಗ ಆ ದೊಡ್ಡ ಮಗಳು ಹೆಚ್ಚು ಮಾತಾಡಲಿಲ್ಲ. "ಅಪ್ಪ ಇವತ್ತಿಗೂ ಆ ಆಂಟಿ ವಿಷಯ ಬಂದ್ರೆ ಎದ್ದು ಹೋಗ್ತಾರೆ. ನನಗೂ ಒಂದು ವರ್ಷ ಅವರ ಮೇಲೆ ಸಿಟ್ಟಿತ್ತು. ಆಮೇಲೆ ಯೋಚನೆ ಮಾಡಿದೆ, ನಮ್ಮ ಮನೆಗೆ ಮೂರು ಸಲ ಬಂದವರು ಅವರೊಬ್ಬರೇ. ನೆಂಟರೂ ಬರ್ಲಿಲ್ಲ."

ತಾವು ಮಾಡಿದ್ದು ಸರಿಯೇ ಎಂದು ಅಕ್ಕನನ್ನು ಕೇಳಿದೆ. "ಸುಮ್ನಿದ್ದಿದ್ರೆ ಅಲ್ಲಿಗೆ ಹೋಗಿ ಆಸ್ಪತ್ರೆ ಸೇರಿ ಬದುಕ್ತಿದ್ಲೇನೋ ಅನ್ಸುತ್ತೆ. ಇಲ್ಲ, ಹಾಸ್ಟೆಲಲ್ಲಿ ಇನ್ನೂ ನಾಲ್ಕು ಮಕ್ಕಳಿಗೆ ಅಂಟಿಸಿ ತಾನೂ ಹೋಗ್ತಿದ್ಲು ಅಂತಾನೂ ಅನ್ಸುತ್ತೆ. ಒಂದೇ ದಿನ ಎರಡೂ ಅನ್ಸುತ್ತೆ. ಆದ್ರೆ ಆ ಆರು ವಾರ ಸುಮ್ನೆ ಕೂತಿದ್ದೆನಲ್ಲ, ಅದು ಮಾತ್ರ ತಪ್ಪು. ಅದರಲ್ಲಿ ನನಗೆ ಎರಡು ಮಾತಿಲ್ಲ."

ಆಮೇಲೆ ಅಕ್ಕ ಡಾಕ್ಟರ ಮುಂದೆ ನಿಂತು ಒಂದು ಒಪ್ಪಿಗೆ ಪಡೆದರು. ಅನುಮಾನ ಬಂದು ಎರಡನೇ ಪರೀಕ್ಷೆಗೆ ಬಾರದವರಿಗೆ, ಕಾಯಿಲೆ ಗೊತ್ತಾದ ಮೇಲೆ ಸುಳಿವಿಲ್ಲದವರಿಗೆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅಕ್ಕನೇ ಫೋನ್ ಮಾಡುತ್ತಾರೆ. ಈ ಕೆಲಸ ಯಾರ ಪಟ್ಟಿಯಲ್ಲೂ ಇಲ್ಲ. ನಾನಿದ್ದ ದಿನವೂ ಡಬ್ಬಿಯ ಮುಚ್ಚಳ ತೆಗೆದಿಟ್ಟು ಒಬ್ಬ ಹುಡುಗನಿಗೆ ಮಾಡಿದರು. "ವೀಸಾ ವಿಷಯ ಅಲ್ಲಪ್ಪ. ಅದು ಆಮೇಲೆ. ಔಷಧಿ ಶುರು ಮಾಡಿದ್ಯಾ? ಅಮ್ಮನಿಗೆ ಕೊಡು ಫೋನು." ಆ ಕಡೆಯಿಂದ ಯಾರೋ ಜೋರಾಗಿ ರೇಗಿದ್ದು ನನಗೂ ಕೇಳಿಸಿತು. ಅಕ್ಕ ಪೂರ್ತಿ ಕೇಳಿಸಿಕೊಂಡರು. "ಸರಿಯಮ್ಮ. ನಾಳೆ ಮತ್ತೆ ಮಾಡ್ತೀನಿ" ಎಂದು ಇಟ್ಟರು. ಊಟ ಆರಿತ್ತು.

ಈ ಹುಡುಗನನ್ನು ಬಿಟ್ಟು, ಕಾಯಿಲೆ ಇದ್ದ ನಲವತ್ತೊಂದು ಮಂದಿಯ ಬೆನ್ನು ಹೀಗೆ ಈವರೆಗೆ ಹತ್ತಿದ್ದಾರೆ. ಮೂವತ್ತಮೂರು ಮಂದಿ ಔಷಧಿ ಮುಗಿಸಿದ್ದಾರೆ. ಅವರಲ್ಲಿ ಹತ್ತೊಂಬತ್ತು ಮಂದಿ ಮತ್ತೆ ಇದೇ ಹಲಗೆಗೆ ಎದೆ ಒತ್ತಿ ನಿಂತು, ಪ್ರಮಾಣಪತ್ರ ಪಡೆದು ಹೋಗಿದ್ದಾರೆ. ಇಬ್ಬರು ಸತ್ತರು. ಉಳಿದವರು ಫೋನ್ ನಂಬರ್ ಬದಲಾಯಿಸಿದರು. ಹೋದವರಲ್ಲಿ ಒಬ್ಬರೂ ಅಲ್ಲಿಂದ ಕರೆ ಮಾಡಿಲ್ಲ. "ಯಾಕೆ ಮಾಡ್ತಾರೆ? ಅವರು ಮರೀಬೇಕು ಅಂತಿರೋ ದಿನಗಳಲ್ಲೇ ಅಲ್ವಾ ನಾನಿರೋದು" ಎಂದು ನಗುತ್ತಾರೆ.

ನಿವೃತ್ತಿಗೆ ಎರಡು ವರ್ಷ ಉಳಿದಿದೆ. ಏನಾದರೂ ಆಸೆ ಇದೆಯೇ ಎಂದರೆ, ಬಹಳ ಯೋಚಿಸದೆ ಹೇಳುತ್ತಾರೆ. ಫಲಿತಾಂಶ ತಿಳಿಸುವುದು ಮುಂದಿನ ಕೌಂಟರಿನಲ್ಲಿ, ಗಾಜಿನ ತೂತಿನ ಮೂಲಕ. ಹಿಂದೆ ಮೂವತ್ತು ಮಂದಿ ಸಾಲು ನಿಂತಿರುತ್ತಾರೆ. "ಗೋಡೆಗೂ ಕಿವಿ ಇರುತ್ತೆ ಅಂತಾರೆ, ಅಲ್ಲಿ ಗೋಡೇನೂ ಇಲ್ಲ. ಅದನ್ನ ಕೇಳೋಕೆ ಒಂದು ಪುಟ್ಟ ಕೋಣೆ ಬೇಕು. ಬಾಗಿಲಿರಬೇಕು. ಎರಡು ಕುರ್ಚಿ, ಒಂದು ಲೋಟ ನೀರು. ಅಳಬೇಕು ಅಂದ್ರೆ ಕೂತು ಅಳಲಿ. ಔಷಧಿ ಇದೆ ಅನ್ನೋ ಮಾತು ಕಿವಿಗೆ ಬೀಳೋವರೆಗೂ ಕೂತಿರಲಿ."

ಕ್ಲಿನಿಕ್ಕಿನ ಹಿಂಭಾಗದಲ್ಲಿ ಹಳೆಯ ಫಿಲಂ ಪೆಟ್ಟಿಗೆಗಳನ್ನು ತುಂಬಿದ ಉಗ್ರಾಣವೊಂದಿದೆ. ಅದನ್ನೇ ಕೊಡಿ ಎಂದು ಡಾಕ್ಟರನ್ನು ಕೇಳಿದ್ದಾರೆ. ಏನಂದರು ಎಂದು ನಾನು ವಿಚಾರಿಸುತ್ತೇನೆ. ಅಕ್ಕ ಒಂದು ಪೆಟ್ಟಿಗೆಯನ್ನು ಸೊಂಟಕ್ಕೆ ಆನಿಸಿಕೊಂಡು ಬಾಗಿಲ ಕಡೆ ಹೊರಡುತ್ತಾರೆ.

"ನೋಡೋಣ ಅಂದಿದಾರೆ. ಅವರು ನೋಡೋದ್ರೊಳಗೆ ನಾನು ಖಾಲಿ ಮಾಡಿಟ್ಟಿರ್ತೀನಿ."